ರೋಮಿನಲ್ಲಿ ಎಂಟನೇ ಗಂಟೆ

ಡಿಸೆಂಬರ್ 19, ಕ್ರಿ.ಶ. 76
ರೋಮ್, ರಾತ್ರಿ

ನಿದ್ದೆ ಬರುವ ಲಕ್ಷಣವಿಲ್ಲ. ಹಗಲಲ್ಲಿ ಊರೊಳಗೆ ಸಾಮಾನಿನ ಗಾಡಿ ಬಿಡುವುದಿಲ್ಲ, ಜೂಲಿಯಸ್ ಸೀಸರನ ಕಾಲದ ಕಟ್ಟಳೆ. ಹಾಗಾಗಿ ರಾತ್ರಿಯಿಡೀ ಕಿಟಕಿ ಕೆಳಗೆ ಗಡಗಡ ಸದ್ದು. ನಾವಿರುವುದು ಬಾಡಿಗೆ ಕಟ್ಟಡದ ನಾಲ್ಕನೇ ಮಹಡಿ. ಬೆಂಕಿ ಬಿದ್ದರೆ ಇಳಿಯುವುದು ಹೇಗೆ ಅಂತ ಕೇಳಬೇಡಿ.

ಸ್ಯಾಟರ್ನೇಲಿಯಾ ಹಬ್ಬದ ವಾರವೇ ಬೇಕು ಅಂದದ್ದು ಮೇಡಂ. ಈಗ ಯಜಮಾನನಿಗೂ ಗುಲಾಮನಿಗೂ ಒಂದೇ ಥರದ ಟೋಪಿ, ಬೀದಿಯಲ್ಲೇ ದಾಳದ ಜೂಜು. ನಮ್ಮ ವೇಷ ಯಾರು ನೋಡ್ತಾರೆ? ಖರ್ಚಿಗೆ ಕೊಡಗಿನ ಕರಿಮೆಣಸು ತಂದಿದ್ದೇವೆ. ಇಲ್ಲಿ ಒಂದು ಪೌಂಡಿಗೆ, ಅಂದರೆ ಸುಮಾರು 327 ಗ್ರಾಂಗೆ, 4 ದಿನಾರಿಯಸ್ ಬೆಳ್ಳಿ ನಾಣ್ಯ. ಸೈನಿಕನ ವರ್ಷದ ಸಂಬಳವೇ 225! ಬಹಳ ಜೋಪಾನ ಮಾಡಬೇಕಾದ ಚೀಲ ಅದು.

ಬಂದ ಕೆಲಸ ಇದ್ದದ್ದು ಕಂಪಸ್ ಮಾರ್ಟಿಯಸ್ ಬಯಲಿನಲ್ಲಿ. ಆಗಸ್ಟಸ್ ಈಜಿಪ್ಟಿನಿಂದ ತರಿಸಿ ನಿಲ್ಲಿಸಿದ ಕಲ್ಲುಕಂಬ ಅಲ್ಲಿದೆ. ಅದರ ನಡುಹಗಲಿನ ನೆರಳು ನೆಲದ ಗೆರೆಯ ಮೇಲೆ ಎಲ್ಲಿಯವರೆಗೆ ಬಿತ್ತು ಅನ್ನುವುದರಿಂದ ವರ್ಷದ ಯಾವ ಕಾಲ ಎಂದು ತಿಳಿಯಬೇಕು. ಆದರೆ ಸುಮಾರು 30 ವರ್ಷದಿಂದ ಲೆಕ್ಕ ತಪ್ಪಿದೆ ಎಂದು ಇಲ್ಲಿನ ಲೇಖಕ ಪ್ಲಿನಿ ದೂರಿದ್ದಾನೆ. (ಆ ಪುಸ್ತಕ ಹೊರಬರುವುದು ಮುಂದಿನ ವರ್ಷ, ಬಾಯಿ ಬಿಡುವ ಹಾಗಿಲ್ಲ.) ಭೂಕಂಪವೋ, ಟೈಬರ್ ನದಿಯ ನೆರೆಗೆ ಬುಡ ಕುಸಿಯಿತೋ, ಅವನಿಗೂ ಊಹೆಯೇ. ಮೇಡಂ ಗಾರೆಯವರಂತೆ ದಾರಕ್ಕೆ ಗುಂಡು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟರು. ಅಷ್ಟರಲ್ಲಿ ಯಾರೋ ಚೀಲ ಎತ್ತಿಕೊಂಡು ಓಡಿದ. ವಾಪಸ್ ಹೋಗುವ ಬಾಗಿಲಿನ ಕೀಲಿಯೂ ಅದರಲ್ಲೇ ಇತ್ತು.

ಸಂಜೆ ಹೊತ್ತಿಗೆ ಕೀಲಿ ಪತ್ತೆಯಾಯಿತು, ಸಾಕ್ರಾ ವಿಯಾ ಬೀದಿಯ ಮೆಣಸಿನ ವ್ಯಾಪಾರಿಯ ಹತ್ತಿರ. ಕದ್ದ ಮಾಲು ಅಂತ ಅವನಿಗೂ ಗೊತ್ತು. ಇನ್ನೊಂದು ಪೌಂಡ್ ಮೆಣಸು ತಂದರೆ ಕೊಡ್ತಾನಂತೆ. ಪುಣ್ಯಕ್ಕೆ ರೂಮಿನಲ್ಲಿ ಅಷ್ಟು ಉಳಿದಿದೆ. "ನಾಳೆ ಎಂಟನೇ ಗಂಟೆ ಮುಗಿದ ಮೇಲೆ ಬನ್ನಿ, ಅಲ್ಲಿಯವರೆಗೆ ಹಬ್ಬ" ಅಂದ.

ನಮ್ಮ ಬಾಗಿಲು ತೆರೆಯುವುದು ನಾಳೆ ಮಧ್ಯಾಹ್ನ 2ಕ್ಕೆ, ಅದೇ ಬಯಲಿನಲ್ಲಿ, ಒಂದೇ ನಿಮಿಷ. ಸೂರ್ಯ ಹುಟ್ಟಿ ಎಂಟು ಗಂಟೆ ಅಂದರೆ ವಾಚಿನಲ್ಲಿ ಮೂರು ದಾಟುತ್ತದೆ, ಅಲ್ವಾ? ಮೇಡಂ ನಕ್ಕರು. ರೋಮನ್ನರು ಹಗಲು ಎಷ್ಟಿದ್ದರೂ 12 ಭಾಗ ಮಾಡುತ್ತಾರೆ. ಬೇಸಿಗೆಯ ಗಂಟೆ ಉದ್ದ, ಡಿಸೆಂಬರಿನದು ಬರೀ 45 ನಿಮಿಷ. ಆರನೆಯದು ಮುಗಿದಾಗ ನಡುಹಗಲು, ಎಂಟನೆಯದು ಮುಗಿದಾಗ ಒಂದೂವರೆ.

ಅಂದರೆ ಅರ್ಧ ಗಂಟೆ ಸಿಗುತ್ತದೆ. ನಡುವೆ ಊರಿನ ಮುಖ್ಯ ಚೌಕ ಫೋರಂ, ಹಬ್ಬದ ಜನಜಂಗುಳಿ, ಮೇಲೆ ಮೇಡಂ ಅವರ ಮಂಡಿನೋವು.

ಕಂಬ ವಾಲಿದೆಯಾ ಅಂತ ಕೇಳಿದೆ. "ನಾಳೆ ಬಾಗಿಲು ತೆರೆಯೋ ಮೊದಲು ಇನ್ನೊಂದ್ಸಲ ಗುಂಡು ಬಿಟ್ಟು ನೋಡ್ತೀನಿ" ಅಂದರು. ದಾರವನ್ನು ನನ್ನ ಸೊಂಟಕ್ಕೇ ಸುತ್ತಿಸಿದ್ದಾರೆ.