ಹೀಮೋಗ್ಲೋಬಿನ್ ಲೆಕ್ಕ: ಹತ್ತನೇ ವಾರ

ನಿನ್ನೆ ರಿಪೋರ್ಟ್ ಬಂತು. 11.2! ಮೇ ಕೊನೆಗೆ 8.6 ಇತ್ತು. ಹೆಂಗಸರಿಗೆ 12 ಆದ್ರೂ ಇರಬೇಕು. ಆಗ ಮನೆಯಿಂದ ಕಾಫಿ ಕಣದ ತನಕ ಏರು ಹತ್ತಿದರೆ ನಡುವೆ ಎರಡು ಸಲ ನಿಲ್ಲುತ್ತಿದ್ದೆ.

ಡಾಕ್ಟರು ಮೊದಲು ಕೇಳಿದ್ದು, "ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತೀರಾ?" ಬರಿಗಾಲಿಂದ ಮೈಯೊಳಗೆ ಹೊಕ್ಕು ರಕ್ತ ಹೀರುವ ಕೊಕ್ಕೆಹುಳದ ಅನುಮಾನ. ಅದಕ್ಕೊಂದು ಆಲ್ಬೆಂಡಜೋಲ್, ಜೊತೆಗೆ ದಿನಾ ಒಂದು ಕಬ್ಬಿಣದ ಮಾತ್ರೆ. ಮೂರು ವಾರ ಬಿಟ್ಟು ನೋಡಿದರೆ 8.8. ಅಷ್ಟೇ! "ಮಾತ್ರೆ ಯಾವಾಗ ತಗೊಳ್ತೀರಿ?" ಅಂದರು. ಬೆಳಿಗ್ಗೆ ಕಾಫಿ ಜೊತೆ, ಅಂದೆ. ಅವರು ತಲೆ ಚಚ್ಚಿಕೊಳ್ಳೋದೊಂದು ಬಾಕಿ. ಕಾಫಿ, ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಕೊಡಗಲ್ಲಿ ಹುಟ್ಟಿ ಕಾಫಿ ಬಿಡೋದು ಆಗದ ಮಾತು. ಹೊತ್ತು ಬದಲಿಸಿದೆ. ಈಗ ಎದ್ದ ಕೂಡಲೇ ನಿಂಬೆ ನೀರಲ್ಲಿ ಮಾತ್ರೆ, ಎರಡು ಗಂಟೆ ಬಿಟ್ಟು ಕಾಫಿ. ಆ ಎರಡು ಗಂಟೆ ನನ್ನ ಹತ್ತಿರ ಯಾರೂ ಮಾತಾಡುವುದಿಲ್ಲ.

ಕೆಂಡದ ಕಾವು ಕೊಡುವ ಚೀನೀ ಚಿಕಿತ್ಸೆ ಮಾಕ್ಸಾ ಶುರು ಮಾಡಿದ್ದೂ ಅದೇ ವಾರ. ಅದೇ ತಪ್ಪಾಯ್ತು, ಯಾವುದರಿಂದ ಏನಾಯ್ತು ಅಂತ ಹೇಳಲು ಬರುವುದಿಲ್ಲ. ಚುಟ್ಟಾದಂಥ ಕಡ್ಡಿ. ನಮ್ಮ ಗಣೇಶನ ಪೂಜೆಯ ಮಾಚಿಪತ್ರೆಯ ಜಾತಿಯದೇ ಎಲೆ ಒಣಗಿಸಿ ಸುತ್ತಿರುತ್ತಾರೆ. ತುದಿಗೆ ಕೆಂಡ ಹಿಡಿಸಿ, ಮಂಡಿಚಿಪ್ಪಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಹೊರಮಗ್ಗುಲಲ್ಲಿ, ಚರ್ಮಕ್ಕೆ ತಾಗದಂತೆ ಎರಡು ಬೆರಳು ದೂರ ಹಿಡಿಯಬೇಕು. ಹತ್ತು ನಿಮಿಷ. ಆರನೇ ವಾರ ಟಿವಿ ನೋಡುತ್ತಾ ಹಿಡಿದು ಬೂದಿ ಬಿತ್ತು, ಕಡಲೆಕಾಳಿನಷ್ಟು ಬೊಬ್ಬೆ. ಹೊಗೆ ವಾಸನೆಗೆ ನಮ್ಮತ್ತೆ, "ಯಾರು ಬೀಡಿ ಸೇದ್ತಾ ಇರೋದು?" ಅಂತ ಹಿತ್ತಲೆಲ್ಲ ಹುಡುಕಿದ್ದರು. ಹೊಗೆಯಿಂದ ರಕ್ತಕ್ಕೆ ಕಬ್ಬಿಣ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಈ ಮಳೆಗೆ ಕಾಲು ಬೆಚ್ಚಗಾಗಿ ಒಳ್ಳೇ ನಿದ್ದೆ ಬರುತ್ತೆ. ಬಿಡಲ್ಲ.

ಊಟದಲ್ಲಿ ಜಾಸ್ತಿ ಬದಲಾವಣೆ ಇಲ್ಲ. ವಾರಕ್ಕೊಮ್ಮೆ ಈಲಿ (ಲಿವರ್), ಭಾನುವಾರ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿದ ಹಂದಿ ಕರಿ. ಸೊಪ್ಪಿನ ಕಬ್ಬಿಣಕ್ಕಿಂತ ಮಾಂಸದ್ದು ಬೇಗ ಹತ್ತುತ್ತೆ. ರೊಟ್ಟಿಗೆ ನಾನ್‌ಸ್ಟಿಕ್ ಬದಲು ಅಜ್ಜಿಯ ಕಬ್ಬಿಣದ ಕಾವಲಿ ಇಳಿಸಿದ್ದೇನೆ.

ಮೊನ್ನೆ ನಮ್ಮ ಕೊಡವ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ, ಮೂತ್ರ ಕೆಂಪು ಮಾಡುವ ಮದ್ದುಸೊಪ್ಪಿನ ಪಾಯಸ. ಮಾತ್ರೆಯಿಂದ ಮಲ ಮೊದಲೇ ಕಪ್ಪು, ಈಗ ಮೂತ್ರವೂ ಕೆಂಪು. ಬೆಂಗಳೂರಿಂದ ಬಂದಿದ್ದ ನಾದಿನಿಗೆ ಹೇಳಿರಲಿಲ್ಲ, ಪಾಪ, ಬಚ್ಚಲಿಂದ ಕೂಗಿಕೊಂಡಳು.

12 ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ಬಿಡಬಾರದಂತೆ, ಒಳಗಿನ ದಾಸ್ತಾನು ತುಂಬಬೇಕಲ್ವಾ. ಮುಂದಿನ ಸಲ ಆ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಕೂಡ ಮಾಡಿಸುತ್ತೇನೆ.