ಹಪ್ಪಳದ ದಿನ ತೋಳು ಮಡಚದವಳು

ಹಲಸಿನ ಹಪ್ಪಳಕ್ಕೆ ಕುಳಿತವರು ಬಟ್ಟೆಯ ತೋಳು ಮಡಚಲೇಬೇಕು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳದಿದ್ದರೆ ಹಿಟ್ಟು ಅಂಗೈ ಬಿಡುವುದಿಲ್ಲ, ಆ ಎಣ್ಣೆ ಮೊಳಕೈವರೆಗೂ ಹರಿಯದೆ ಇರುವುದಿಲ್ಲ. 2023ರ ಮೇ ತಿಂಗಳು. ಶಿರಸಿ, ಸಿದ್ದಾಪುರಗಳ ನಡುವೆ ಇರುವ ನಮ್ಮ ಮನೆಯ ಜಗಲಿಯಲ್ಲಿ ಎಂಟು ಹೆಂಗಸರು ಸಾಲಾಗಿ ಕುಳಿತಿದ್ದೆವು. ತೋಳು ಮಣಿಕಟ್ಟಿನವರೆಗೆ ಇಳಿದಿದ್ದುದು ನನ್ನದೊಂದೇ. "ಕಾರವಾರ ಸೇರಿ ನಾಜೂಕಾಗಿದ್ದಾಳೆ" ಎಂದು ದೊಡ್ಡಾಯಿ ನಕ್ಕಳು. ಉಳಿದವರೂ ನಕ್ಕರು. ಅತ್ತಿಗೆ ನಗಲಿಲ್ಲ.

ಸಂಜೆ ಅಂಗಳದ ಚಾಪೆಯ ಮೇಲೆ ಹಪ್ಪಳ ತಿರುವಿ ಹಾಕುವಾಗ ಅವಳು ಪಕ್ಕದಲ್ಲಿ ಬಂದು ಕುಳಿತಳು. "ಏನು ಮಾಡಿಕೊಂಡೆ ಎಂದು ಕೇಳುವುದಿಲ್ಲ. ಯಾವಾಗಿನಿಂದ ಎಂದಷ್ಟು ಹೇಳು."

ತೋರಿಸು ಎನ್ನಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಹಪ್ಪಳ ತಿರುವುತ್ತಲೇ ಇದ್ದಳು. ಏಳು ವರ್ಷ ಎಂದೆ. ಅವಳ ಕೈ ಒಂದು ಕ್ಷಣ ನಿಂತು, ಮತ್ತೆ ಮುಂದಿನ ಹಪ್ಪಳಕ್ಕೆ ಹೋಯಿತು. ಅಳುವುದೋ ಬೈಯುವುದೋ ಮಾಡಿದ್ದರೆ ನಾನು ಅವತ್ತೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನನ್ನನ್ನು ನಾನೇ ಹೇಗೆ ನೋಯಿಸಿಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂಥ ವಿವರಗಳನ್ನು ಓದಿದ ದಿನ ನನ್ನ ಗತಿ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಶುರುವಾದದ್ದು ದ್ವಿತೀಯ ಪಿಯುಸಿಯಲ್ಲಿ, ಹಾಸ್ಟೆಲಿನಲ್ಲಿ. ಭೌತಶಾಸ್ತ್ರದಲ್ಲಿ ನಪಾಸಾಗಿದ್ದೆ. ಯಾರೂ ಬೈಯಲಿಲ್ಲ. ಅಪ್ಪಯ್ಯ ಅಂಕಪಟ್ಟಿ ನೋಡಿ "ಇರಲಿ ಬಿಡು" ಎಂದು ಕತ್ತಿ ಹಿಡಿದು ತೋಟಕ್ಕೆ ಇಳಿದ. ಆ "ಇರಲಿ ಬಿಡು" ಎನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಸಾಯಬೇಕೆಂದು ಮಾಡಿಕೊಂಡದ್ದಲ್ಲ. ನಾಲ್ಕು ಜನ ನೋಡಲಿ ಎಂದಂತೂ ಅಲ್ಲ. ಆ ಆಸೆ ಇದ್ದವರು ಏಪ್ರಿಲ್ ತಿಂಗಳ ಕಾರವಾರದ ಸೆಕೆಯಲ್ಲಿ ತುಂಬುತೋಳು ಹಾಕಿಕೊಂಡು ಬೇಯುವುದಿಲ್ಲ. ಎದೆಯೊಳಗೆ ಏನೋ ಉಬ್ಬಿ ಬರುತ್ತಿತ್ತು, ಅದು ಇಳಿದರೆ ಸಾಕಿತ್ತು. ಇಳಿಯುತ್ತಿತ್ತು ಕೂಡ. ಅಪಾಯ ಇರುವುದೇ ಇಲ್ಲಿ. ನೋವು ತಗ್ಗುವಾಗ ಸಂಕಟವೂ ಸ್ವಲ್ಪ ತಗ್ಗಿದಂತಾಗುತ್ತದೆ, ಮಿದುಳು ಅದನ್ನು ಬೇಗ ಕಲಿತುಬಿಡುತ್ತದೆ. ಕಲಿತ ಮೇಲೆ ಬೇರೆ ಯಾವ ದಾರಿಯನ್ನೂ ಹುಡುಕುವುದಿಲ್ಲ. ಹತ್ತಿಪ್ಪತ್ತು ನಿಮಿಷದ ಸಮಾಧಾನ, ಆಮೇಲೆ ನಾಚಿಕೆ, ಆ ನಾಚಿಕೆಯಿಂದಲೇ ಹೊಸ ಸಂಕಟ. ಮೊದಲ ಸಲ ನಪಾಸಾಗಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಗೆಳತಿ ಮುಖ ತಿರುಗಿಸಿದರೆ ಸಾಕಾಗುತ್ತಿತ್ತು. ಕೊನೆಕೊನೆಗೆ ಕುಮಟಾ ಬಸ್ ತಪ್ಪಿದರೂ ಆಯಿತು. ಒಮ್ಮೆ ಗಾಯ ನಂಜಾಗಿ ಹದಿನೈದು ದಿನ ಜ್ವರ ನರಳಿದೆ, ಮನೆಯಲ್ಲಿ ಹೇಳಿದ್ದು ಬೇಲಿಯ ತಂತಿ ತಾಗಿತು ಎಂದು. ಸಾಯುವ ಇರಾದೆ ಇಲ್ಲದೆ ಹೀಗೆ ಮಾಡಿಕೊಳ್ಳುವವರಲ್ಲೂ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಇವೆಲ್ಲಕ್ಕಿಂತ ನನಗೆ ದೊಡ್ಡ ನಷ್ಟವೆಂದು ಕಾಣುವುದು ಬೇರೆಯೇ ಇದೆ: ಏಳು ವರ್ಷ ನಾನು ಮನೆಯಲ್ಲಿ ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. "ಅಪ್ಪಯ್ಯ, ನೀನು ಹಾಗೆ ಎದ್ದು ಹೋದದ್ದು ನೋವಾಯಿತು" ಎನ್ನಬೇಕಿದ್ದುದನ್ನು ತೋಳಿನೊಳಗೆ ಬಚ್ಚಿಟ್ಟೆ.

ಹಿಂದೊಮ್ಮೆ ಒಬ್ಬ ವೈದ್ಯರ ಬಳಿ ಹೋಗಿದ್ದೆ. "ಈಗಿನ ಹುಡುಗಿಯರಿಗೆ ಮೊಬೈಲ್ ಜಾಸ್ತಿಯಾಯಿತು" ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಮತ್ತೆ ಎರಡು ವರ್ಷ ಯಾರ ಬಳಿಯೂ ಸುಳಿಯಲಿಲ್ಲ.

ಅತ್ತಿಗೆ 14416 ಎಂಬ ಸಂಖ್ಯೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೋಡಿದ್ದಳಂತೆ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ್ದು, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಗೇರು ಮರದ ಕೆಳಗೆ ಮಾತ್ರ. ಹೋದರೆ ಅಲ್ಲಿ ಪಕ್ಕದ ಮನೆಯ ಮಾವ ನಿಂತು ಯಾರ ಬಳಿಯೋ ಚಾಲಿ ಅಡಿಕೆಯ ದರ ವಿಚಾರಿಸುತ್ತಿದ್ದ. ಅವನ ವ್ಯಾಪಾರ ಮುಗಿಯುವವರೆಗೆ ನಾವಿಬ್ಬರೂ ಗೇರುಬೀಜ ಆರಿಸುವ ನಟನೆ ಮಾಡಿದೆವು. ಏಳು ವರ್ಷದ ಗುಟ್ಟು ಹೊರಬರುವ ಗಳಿಗೆಗೆ ಅಡಿಕೆ ದರ ಅಡ್ಡ ಬಂದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಆ ಬದಿಯ ಹೆಂಗಸು ಮೊದಲು ಕೇಳಿದ್ದು, "ಈಗ ನೀವು ಸುರಕ್ಷಿತವಾಗಿದ್ದೀರಾ? ಜೊತೆಗೆ ಯಾರಿದ್ದಾರೆ?" ಅತ್ತಿಗೆ ಇದ್ದಾಳೆ ಎನ್ನುವಾಗ ಗಂಟಲು ಕಟ್ಟಿತು.

ಅವರು ಹೇಳಿದಂತೆ ಕಾರವಾರದ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆ. ಪೊಲೀಸರಿಗೆ ತಿಳಿಯುತ್ತದೆ, ಕಚೇರಿಗೆ ಸುದ್ದಿ ಹೋಗುತ್ತದೆ ಎಂಬ ಹೆದರಿಕೆ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕೆಂದು ಹೇಳುತ್ತದೆ ಎಂದು ಅಲ್ಲಿಯ ಆಪ್ತಸಮಾಲೋಚಕಿ ತಿಳಿಸಿದರು. ನಿದ್ದೆಯಿಲ್ಲದ್ದಕ್ಕೂ ಖಿನ್ನತೆಗೂ ವೈದ್ಯರು ಔಷಧ ಕೊಟ್ಟರು. ಉಳಿದದ್ದು ಮಾತು. ಇಂಥ ಸಂಕಟಕ್ಕೆಂದೇ ಒಂದು ಚಿಕಿತ್ಸಾ ಕ್ರಮವನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್, ಹರೆಯದಲ್ಲಿ ತಾವೂ ಹೀಗೆಯೇ ನೋಯಿಸಿಕೊಳ್ಳುತ್ತಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರಂತೆ. ಅದನ್ನು ಕೇಳಿದ ದಿನ ಬೀಚಿನಲ್ಲಿ ಕತ್ತಲಾಗುವವರೆಗೂ ಕುಳಿತಿದ್ದೆ.

ಆ ಹಂಬಲ ಸಮುದ್ರದ ಅಲೆಯಿದ್ದಂತೆ, ಏರಿ ಇಳಿಯುತ್ತದೆ ಎಂದರು ಸಮಾಲೋಚಕಿ. ನಾನು ಘಟ್ಟದ ಮೇಲಿನವಳು, ಅಲೆ ನನಗೆ ಒಗ್ಗಲಿಲ್ಲ. ನನಗೆ ಗೊತ್ತಿರುವುದು ನಮ್ಮ ಮನೆಯ ಮುಂದಿನ ಹಳ್ಳ. ಜುಲೈ ಮಳೆಗೆ ಅದು ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆಯ) ಮಟ್ಟಕ್ಕೆ ಕೆಂಪಾಗಿ ಏರುತ್ತದೆ. ಶಾಲೆಗೆ ಹೊರಟ ನಮಗೆ ಅಪ್ಪಯ್ಯ ಹೇಳುತ್ತಿದ್ದುದು ಒಂದೇ: ಸಂಕ ಹತ್ತಬೇಡಿ, ಈಚೆ ದಡದಲ್ಲೇ ನಿಲ್ಲಿ. ಮಳೆ ಹೊಳವಾದರೆ ನೋಡುತ್ತಿದ್ದಂತೆ ನೀರು ತಗ್ಗುತ್ತಿತ್ತು. ಹೀಗೆ ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟು, "ಇದೇ ಇರಲಿ. ದಡದಲ್ಲಿ ನಿಂತು ಏನು ಮಾಡುತ್ತಿದ್ದಿರಿ?" ಎಂದರು. ಏಡಿ ನೋಡುತ್ತಿದ್ದೆವು, ಕೊಡೆ ತಿರುಗಿಸುತ್ತಿದ್ದೆವು. ಈಗ ಮುಖಕ್ಕೆ ತಣ್ಣೀರು ಎರಚಿಕೊಳ್ಳುತ್ತೇನೆ, ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಕೋಣೆಯಲ್ಲಿ ಕುಳಿತಿದ್ದರೆ ಎದ್ದು ಜನರಿರುವ ಕಡೆ ಹೋಗುತ್ತೇನೆ. ಹದಿನೈದು ನಿಮಿಷ, ಮತ್ತೆ ಹದಿನೈದು. ಬೇಡದ ವಸ್ತುಗಳನ್ನೆಲ್ಲ ಅತ್ತಿಗೆ ಒಮ್ಮೆ ಕಾರವಾರಕ್ಕೆ ಬಂದು ಚೀಲ ಕಟ್ಟಿ ಒಯ್ದಿದ್ದಾಳೆ.

ಆಯಿಗೆ ವಿಷಯ ತಿಳಿದಾಗ ಮಾರಿಕಾಂಬೆಗೆ ಹರಕೆ ಹೊತ್ತಳು. ನಾನು ಬೇಡವೆನ್ನಲಿಲ್ಲ. ಅಪ್ಪಯ್ಯ ಏನೂ ಆಡಲಿಲ್ಲ, ಆದರೆ ಈಚೆಗೆ ಭಾನುವಾರ ತಾನೇ ಗೇರು ಮರದ ಕೆಳಗೆ ಹೋಗಿ ಫೋನ್ ಮಾಡುತ್ತಾನೆ. ಮಳೆಯ ಬಗ್ಗೆ ಮಾತನಾಡುತ್ತಾನೆ.

ಪೂರ್ತಿ ನಿಂತುಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ನಡುವೆ ಎರಡು ಸಲ ಜಾರಿದ್ದೇನೆ. ಎರಡು ಸಲವೂ ಮರುದಿನವೇ ಸಮಾಲೋಚಕಿಗೆ ಹೇಳಿದೆ, ಮೊದಲಿನಂತೆ ಬೇಲಿ ತಂತಿಯ ಕಥೆ ಕಟ್ಟಲಿಲ್ಲ. ಮೂರನೆಯ ಸಲ ಹಳ್ಳ ಏರಿದ್ದು ಕಳೆದ ಜನವರಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ. ಈಗ ಮನೆಗೆ ವೈಫೈ ಬಂದಿದೆ, ಅತ್ತಿಗೆಗೆ ಫೋನ್ ಹಚ್ಚಿದೆ. ಅಡಿಕೆ ಬೇಯಿಸುವ ಒಲೆಯ ಮುಂದೆ ಕುಳಿತಿದ್ದಳು, ಕಟ್ಟಿಗೆ ಚಟಚಟ ಎನ್ನುವುದು ಕೇಳುತ್ತಿತ್ತು. "ಹಳ್ಳ ಏರಿದೆ" ಎಂದೆ.

"ನಿಂತುಕೋ. ನಾನೂ ಇಲ್ಲೇ ಕುಳಿತಿದ್ದೇನೆ" ಎಂದಳು. ಇನ್ನೂ ಎರಡು ಹಂಡೆ ಬೇಯುವುದಿದೆ ಎಂದಳು, ಅಣ್ಣ ಒಲೆಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾನೆ ಎಂದಳು, ಈ ಸಲದ ತೊಗರು ಬಣ್ಣ ಕಟ್ಟಿಲ್ಲ ಎಂದು ಗೊಣಗಿದಳು. ನಾನು ಹ್ಞೂಂ ಎನ್ನುತ್ತಿದ್ದೆ, ಅಷ್ಟೇ. ಮುಕ್ಕಾಲು ಗಂಟೆಯಾಗಿರಬಹುದು.

"ಇಳಿಯಿತೇ?"

"ಸಂಕ ಕಾಣುತ್ತಿದೆ."

"ಫೋನ್ ಇಡಬೇಡ. ಒಲೆಗೆ ಎರಡು ಕಟ್ಟಿಗೆ ತುರುಕಿ ಬರುತ್ತೇನೆ" ಎಂದು ಎದ್ದು ಹೋದಳು.