ಸೂಜಿ ಒಪ್ಪುವ ತನಕ ಕ್ರೌನ್ ಕೆಳಗೆ ಯಾರನ್ನೂ ಬಿಡಬೇಡಿ

ಸುರಂಗದಲ್ಲಿ ಹೊಸ ಶಾಟ್‌ಕ್ರೀಟ್, ಅಂದರೆ ಬಂಡೆಗೆ ಗಾಳಿಯ ಒತ್ತಡದಲ್ಲಿ ಹೊಡೆದ ಕಾಂಕ್ರೀಟ್, ನೋಡೋಕೆ ಗಟ್ಟಿಯಾಗಿಯೇ ಕಾಣುತ್ತದೆ. ಬೆರಳಲ್ಲಿ ಒತ್ತಿದರೂ ತಗ್ಗು ಬೀಳುವುದಿಲ್ಲ. ಅಷ್ಟನ್ನೇ ನಂಬಿ ಕೆಳಗೆ ಜನ ಬಿಡುವ ಸೈಟುಗಳು ಈಗಲೂ ಇವೆ. ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಉತ್ತರಾಖಂಡದ ಒಂದು ರೈಲ್ವೆ ಸುರಂಗ. ಜನವರಿ, ರಾತ್ರಿ ಪಾಳಿ. ಒಡೆದ ಕಲ್ಲು ಹೊರಗೆ ಸಾಗಿಸುವ ಮಕಿಂಗ್, ಸಡಿಲ ಕಲ್ಲು ಉದುರಿಸುವ ಸ್ಕೇಲಿಂಗ್ ಮುಗಿದು, ಜಿಯಾಲಜಿಸ್ಟ್ ಬಂಡೆ ನೋಡಿ ನಕ್ಷೆ (ಫೇಸ್ ಮ್ಯಾಪಿಂಗ್) ಮಾಡಿ ಹೋಗಿದ್ದರು. ಬಂಡೆ ಮುಚ್ಚುವ ಮೊದಲ ತೆಳು ಪದರ, ಅಂದರೆ ಸೀಲಿಂಗ್ ಕೋಟ್ ಆಗಿ, ಸರಳಿನ ಕಮಾನು (ಲ್ಯಾಟಿಸ್ ಗರ್ಡರ್) ನಿಲ್ಲಿಸಿ, ಮುಖ್ಯ ಲೇಯರ್ ಹೊಡೆಯುತ್ತಿದ್ದೆವು. ಶಾಟ್‌ಕ್ರೀಟ್ ಹೊಡೆಯುವ ಯಂತ್ರ ನಡೆಸುವ ನಮ್ಮ ರೋಬೋ ಆಪರೇಟರ್ ಕೈ ಚೆನ್ನಾಗಿದೆ. ಗೋಡೆಯ ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾನೆ. ನಾಝಲ್ ಬಂಡೆಗೆ ನೇರ, ದೂರ ಒಂದೂವರೆ ಮೀಟರ್. ಗರ್ಡರ್ ಹಿಂದೆ ಪೊಳ್ಳು ಬಿಡುವವನಲ್ಲ. ಅಂಥವನು ಹೊಡೆದರೂ ಅವತ್ತು ಕ್ರೌನ್‌ನಿಂದ, ಅಂದರೆ ಸುರಂಗದ ನೆತ್ತಿಯಿಂದ, ಅಂಟದೆ ಪುಟಿದ ಕಾಂಕ್ರೀಟ್ (ರಿಬೌಂಡ್) ಸುರಿಯುತ್ತಲೇ ಇತ್ತು.

'ಆಕ್ಸಿಲರೇಟರ್ ಏರಿಸಿ' ಅಂತ ಫೋನ್ ಬಂತು. ಶಾಟ್‌ಕ್ರೀಟ್ ಬೇಗ ಗಟ್ಟಿಯಾಗಲು ಸೇರಿಸುವ ದ್ರವ ಅದು. ನನಗೂ ಮೊದಲು ಅನುಮಾನ ಬಂದದ್ದು ಅದನ್ನು ಅಳೆದು ಕೊಡುವ ಡೋಸಿಂಗ್ ಪಂಪ್ ಮೇಲೆಯೇ. ಪಂಪ್ ಚೆಕ್ ಮಾಡುತ್ತಾ ಹೊತ್ತು ಕಳೆಯಿತು. ಪಂಪ್ ಸರಿ ಇತ್ತು, ಸಿಮೆಂಟ್ ತೂಕದ 6 ಪರ್ಸೆಂಟ್ ಹೋಗುತ್ತಿತ್ತು. ಆಮೇಲೆ ಟ್ರಾನ್ಸಿಟ್ ಮಿಕ್ಸರ್ ಲಾರಿಯ ಕಾಂಕ್ರೀಟ್ ಮಾಲಿಗೆ ಥರ್ಮಾಮೀಟರ್ ಚುಚ್ಚಿದೆ. 9 ಡಿಗ್ರಿ! ನಮ್ಮ ಆಲ್ಕಲಿ-ಫ್ರೀ (ಕ್ಷಾರವಿಲ್ಲದ) ಆಕ್ಸಿಲರೇಟರ್‌ಗೆ ಮಾಲು 20 ಡಿಗ್ರಿ ಆಸುಪಾಸು ಇದ್ದರೆ ಚೆಂದ, ತಣ್ಣಗಿದ್ದರೆ ಬೇಗ ಗಟ್ಟಿಯಾಗದೆ ಉದುರುತ್ತದೆ. ನಮ್ಮ ಬ್ಯಾಚಿಂಗ್ ಪ್ಲಾಂಟಿನಲ್ಲಿ ಜಲ್ಲಿ, ಮರಳು ಬಯಲಲ್ಲಿ ಬಿದ್ದಿದ್ದವು, ನೀರು ನೇರ ಹೊಳೆಯದು. ಇಂಥ ತಣ್ಣನೆ ಮಾಲಿಗೆ ಆಕ್ಸಿಲರೇಟರ್ ಸುಮ್ನೆ ಏರಿಸುತ್ತಾ ಹೋದರೆ ಮುಂದಿನ ಸ್ಟ್ರೆಂಗ್ತ್ ತಿಂದುಹಾಕುತ್ತದೆ.

ಅಷ್ಟರಲ್ಲಿ ಬಂಡೆ ಕೊರೆಯುವ ಯಂತ್ರ ಬೂಮರ್ ಬಂದು ನಿಂತಿತ್ತು. ಬಂಡೆ ಹಿಡಿದಿಡುವ ರಾಕ್ ಬೋಲ್ಟ್ ಶುರು ಮಾಡಿ, ಸೈಕಲ್ ಟೈಮ್ (ಒಂದು ಸುತ್ತಿನ ಕೆಲಸದ ಸಮಯ) ಹೋಗ್ತಿದೆ ಅಂತ ಮತ್ತೆ ಫೋನ್. ನಾನು ಪೆನೆಟ್ರೋಮೀಟರ್ ಹಿಡಿದು ಗೋಡೆಗೆ ಹೋದೆ. 3 ಮಿಲಿಮೀಟರ್ ದಪ್ಪದ ಸೂಜಿ, 15 ಮಿಲಿಮೀಟರ್ ಒಳಗೆ ಹೋಗೋಕೆ ಎಷ್ಟು ಬಲ ಬೇಕು ಅಂತ ಅಳೆಯುತ್ತದೆ. ಒಂದೇ ಕಡೆ ಒತ್ತಿದರೆ ಜಲ್ಲಿಗೆ ತಾಗಿ ಮೋಸ ಮಾಡುತ್ತದೆ, ಹತ್ತು ಕಡೆ ಒತ್ತಬೇಕು. ಸರಾಸರಿ ಅರ್ಧ ಎಂಪಿಎ (ಮೆಗಾಪಾಸ್ಕಲ್, ಸ್ಟ್ರೆಂಗ್ತ್ ಅಳತೆ) ಕೂಡ ಬರಲಿಲ್ಲ. ನಮ್ಮಲ್ಲಿ ಒಳಗೆ ಬಿಡೋಕೆ 1 ಎಂಪಿಎ ಬೇಕು.

ತಿರುಗಿ ನೋಡಿದರೆ ಇಬ್ಬರು ಹೆಲ್ಪರ್‌ಗಳು ಒಳಗೆ ಹೋಗದಂತೆ ಕಟ್ಟಿದ ಟೇಪ್ ದಾಟಿ, ಬೋಲ್ಟ್ ತೂತಿಗೆ ಸಿಮೆಂಟ್ ತುಂಬುವ ಗ್ರೌಟ್ ಹೋಸ್ ಎಳೆಯುತ್ತಿದ್ದಾರೆ. ಕೂಗಿದೆ. ವೆಂಟಿಲೇಶನ್ ಫ್ಯಾನ್ ಸದ್ದಿಗೆ ಕೇಳಿಸಲಿಲ್ಲ. ಕ್ಯಾಪ್ ಲ್ಯಾಂಪ್ ಅಲ್ಲಾಡಿಸುತ್ತಾ ಕೈಬೀಸಿದೆ. ಒಬ್ಬ 'ಪಕ್ಕಾ ಹೋ ಗಯಾ ಸಾಬ್' ಅಂತ ಮೇಲೆ ತೋರಿಸಿದ. ಪಾಪ, ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ? ಆಪರೇಟರ್ ಹಾರ್ನ್ ಒತ್ತಿ ಹಿಡಿದ ಮೇಲೆ ಹೋಸ್ ಬಿಟ್ಟು ಬಂದರು.

ಅವರು ನನ್ನ ಪಕ್ಕಕ್ಕೆ ಬಂದು ನಿಂತು ಸ್ವಲ್ಪ ಹೊತ್ತಾಗಿತ್ತಷ್ಟೇ. ಎರಡು ಗರ್ಡರ್ ನಡುವಿನ ತುಂಡು ಧಡ್ ಅಂತ ಹೋಸ್ ಮೇಲೆಯೇ ಬಿತ್ತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಸುಮಾರು 15 ಸೆಂಟಿಮೀಟರ್ ದಪ್ಪ. ಲೆಕ್ಕ ಹಾಕಿ ನೋಡಿ, ಹತ್ತಿರ ಹತ್ತಿರ 700 ಕೆಜಿ. ಬಂಡೆ ಕಡೆಯ ಮೈ ಮೇಲೆ ತೆಳ್ಳಗೆ ಹಳದಿ ಕೆಸರು, ಒದ್ದೆ. ಸೀಲಿಂಗ್ ಕೋಟ್ ಸಮೇತ ಕಿತ್ತುಕೊಂಡು ಬಂದಿತ್ತು. ಅಂದರೆ ಬಂಡೆ ಸರಿಯಾಗಿ ತೊಳೆದಿಲ್ಲ, ಜಿನುಗುವ ನೀರಿಗೆ ಡ್ರೈನ್ ಪೈಪ್ ಕೊಟ್ಟಿಲ್ಲ. ಅದೂ ಸೈಕಲ್ ಟೈಮ್ ಉಳಿಸೋಕೆ ಬಿಟ್ಟದ್ದೇ.

ಮರುದಿನದ ಮೀಟಿಂಗ್‌ನಲ್ಲಿ 28 ದಿನದ ಕೋರ್ ರಿಪೋರ್ಟ್ (ಕೊರೆದು ತೆಗೆದ ತುಂಡುಗಳ ಪರೀಕ್ಷೆ) ತೋರಿಸಿದರು. ಎಲ್ಲಾ ಪಾಸ್. ಡ್ರಾಯಿಂಗ್‌ನಲ್ಲಿ ಜೆ2 ಕರ್ವ್ ಅಂತ ಬರೆದಿರುವುದು ಯಾಕೆ ಹಾಗಾದರೆ? ಅದು ಮೊದಲ ಗಂಟೆಗಳ ಸ್ಟ್ರೆಂಗ್ತ್ ಲೆಕ್ಕ. ಹೆಲ್ಪರ್ ಕೆಳಗೆ ನಿಲ್ಲುವುದು ಆ ಗಂಟೆಗಳಲ್ಲೇ ಅಲ್ವಾ, 28 ದಿನ ಆದ ಮೇಲೆ ಅಲ್ಲ.

ಈಗ ಸೂಜಿ ರೀಡಿಂಗ್ ಪಾಳಿ ರಿಜಿಸ್ಟರ್‌ನಲ್ಲಿ ಬರೆಯದೆ ಬೂಮರ್ ಒಳಗೆ ಹೋಗುವುದಿಲ್ಲ. ನೀರು ಕಾಯಿಸೋಕೆ ಬಾಯ್ಲರ್ ಬಂದಿದೆ. ಜಲ್ಲಿ ರಾಶಿಗೆ ಮಾತ್ರ ಇನ್ನೂ ತಾಡಪತ್ರಿ ಬಂದಿಲ್ಲ. ಈ ಚಳಿಗಾಲಕ್ಕೆ ಮುಂಚೆ ಹಾಕಿಸಿ ಅಂತ ಮತ್ತೆ ಮೇಲ್ ಕಳಿಸಿದ್ದೇನೆ.